ಅಪ್‌ಡೇಟ್: ಅಮೆರಿಕ–ಚೀನಾ ಸಾಫ್ಟ್‌ವುಡ್ ಆಮದಿನ ಗ್ರಾಫ್ ಸರಿಹೋಯಿತು

ನಾನು ಕೇಳಿದ್ದು ಇಷ್ಟು: ಅಮೆರಿಕ, ಚೀನಾ ತರಿಸಿಕೊಳ್ಳುವ ಸಾಫ್ಟ್‌ವುಡ್ (ಪೈನ್, ಸ್ಪ್ರೂಸ್‌ನಂಥ ಸೂಜಿ ಎಲೆ ಮರ) ಹಲಗೆಯ ಮೌಲ್ಯವನ್ನು ಒಂದೇ ಗ್ರಾಫ್‌ಗೆ ಹಾಕಿದರೆ 2017ಕ್ಕೆ ಎರಡೂ ಗೆರೆ ಧೊಪ್ಪನೆ ಸೊನ್ನೆಗೆ ಬೀಳುತ್ತಿವೆ, ಯಾಕೆ? ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಬದಲಾಗಿದ್ದು ಎಚ್‌ಎಸ್ ಕೋಡ್, ಅಂದರೆ ಆಮದು-ರಫ್ತಿನ ಸರಕಿಗೆ ದೇಶದೇಶಗಳು ಬಳಸುವ ಒಂದೇ ಥರದ ಸಂಖ್ಯೆ. ಅಲ್ಲಿಯವರೆಗೆ ಸಾಫ್ಟ್‌ವುಡ್ ಹಲಗೆಗೆ 440710 ಅಂತ ಒಂದೇ ಇತ್ತು, ನಾನು ಅದೊಂದನ್ನೇ ಹಾಕಿದ್ದೆ. 2017ರಲ್ಲಿ ಪೈನ್‌ಗೆ 440711, ಫರ್-ಸ್ಪ್ರೂಸ್‌ಗೆ 440712, ಉಳಿದದ್ದಕ್ಕೆ 440719 ಅಂತ ಒಡೆದರು. 2022ರಲ್ಲಿ 440713, 440714 ಬೇರೆ ಸೇರಿದವು. ಎಲ್ಲ ಕೂಡಿಸಿದ ಮೇಲೆ ಗೆರೆ ಮೇಲೆದ್ದಿತು.

ಅಮೆರಿಕದ ಕಸ್ಟಮ್ಸ್ ಮೌಲ್ಯದಲ್ಲಿ ಸಾಗಣೆ ಬಾಡಿಗೆ, ವಿಮೆ ಸೇರಿರುವುದಿಲ್ಲ. ಚೀನಾದ್ದರಲ್ಲಿ ಸೇರಿರುತ್ತೆ. ಅದಕ್ಕೇ ಎರಡಕ್ಕೂ ಸಿಐಎಫ್ (ಬಾಡಿಗೆ, ವಿಮೆ ಸೇರಿದ) ಅಂಕಿಯನ್ನೇ ತೆಗೆದುಕೊಂಡೆ.

ಮೈಸೂರಿನಲ್ಲೇ ಟಿಂಬರ್ ಡಿಪೋ ಇಟ್ಟಿರುವ ನಮ್ಮ ಮಾವನಿಗೆ 2021ರಲ್ಲಿ ಅಮೆರಿಕದ ಗೆರೆ ಏರಿದ್ದನ್ನು ತೋರಿಸಿದೆ. "ದುಡ್ಡು ಬಿಡಪ್ಪ, ಎಷ್ಟು ಸಿಎಫ್‌ಟಿ (ಘನ ಅಡಿ) ಇಳೀತು ಹೇಳು" ಅಂದರು. ಸರಿಯಾದ ಪ್ರಶ್ನೆ ಅಲ್ವಾ! ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಸಾವಿರ ಬೋರ್ಡ್ ಫೂಟ್‌ (ಒಂದು ಬೋರ್ಡ್ ಫೂಟ್ ಅಂದರೆ ಅಡಿ ಉದ್ದ, ಅಡಿ ಅಗಲ, ಇಂಚು ದಪ್ಪ) ಹಲಗೆಯ ಫ್ಯೂಚರ್ಸ್ (ಮುಂಗಡ ವ್ಯಾಪಾರದ) ದರ 1,600 ಡಾಲರ್ ದಾಟಿತ್ತು. ಏರಿದ್ದು ಜಾಸ್ತಿ ರೇಟೇ. ಹಾಗಾಗಿ ಎಷ್ಟು ಮರ ಬಂತು ಅನ್ನುವುದಕ್ಕೆ ಕ್ಯೂಬಿಕ್ ಮೀಟರ್ ಲೆಕ್ಕದಲ್ಲಿ ಬೇರೆ ಗ್ರಾಫ್ ಹಾಕಿದ್ದೇನೆ. ಅಮೆರಿಕದ ಗೆರೆಯ 2008ರ ಸುತ್ತಮುತ್ತಲಿನ ಕುಸಿತ ಮಾತ್ರ ಎರಡೂ ಗ್ರಾಫ್‌ನಲ್ಲಿ ಇದೆ, ಆಗ ಅಲ್ಲಿ ಮನೆ ಕಟ್ಟುವವರೇ ಕಮ್ಮಿಯಾಗಿದ್ದರು.

ಚೀನಾ ಹಲಗೆ ತರಿಸುವುದು ಹೆಚ್ಚಿದ್ದಕ್ಕೆ ರಷ್ಯಾ 2007ರಿಂದ ದಿಮ್ಮಿ ರಫ್ತಿನ ಸುಂಕ ಏರಿಸಿದ್ದೂ ಒಂದು ಕಾರಣ: ದಿಮ್ಮಿ ದುಬಾರಿಯಾದಾಗ ಕೊಯ್ದ ಹಲಗೆಯನ್ನೇ ತರಿಸತೊಡಗಿದರು. ಅದರ ಬಗ್ಗೆಯೇ ಒಂದು ಅಧ್ಯಾಯ ಬರಿ ಅಂತಿದ್ದಾರೆ ನಮ್ಮ ಗೈಡ್. ಪ್ರಾಜೆಕ್ಟ್ ಮುಗಿದ ಹಾಗೇ!