ಪದಚರ್ಚೆ: ಗ್ಯಾರೇಜಿನ ‘ಶಾರ್ಟ್ ಆಗಿದೆ’ಗೆ ಕನ್ನಡದಲ್ಲಿ ಎಷ್ಟು ಪದ ಬೇಕು?

ಬಳಗದ ಎಲ್ಲರಿಗೂ ನಮಸ್ಕಾರ.

ಹಳೆಯ ಅಂಬಾಸಿಡರ್ ಕಾರುಗಳ ವೈರಿಂಗ್ ರಿಪೇರಿ ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಹೆಡ್‌ಲೈಟ್ ಸ್ವಿಚ್ಚಿನ ಅಧ್ಯಾಯದಲ್ಲಿ ‘ಶಾರ್ಟ್’ ಎಂಬ ಪದದ ಹತ್ತಿರ ಬಂದು ನಿಂತಿದ್ದೇನೆ. ನಮ್ಮ ಕಡೆ ಗ್ಯಾರೇಜುಗಳಲ್ಲಿ ಲೈಟ್ ಹತ್ತದಿದ್ದರೆ ‘ಎಲ್ಲೋ ಶಾರ್ಟ್ ಆಗಿದೆ ಸಾರ್’. ಹಳ್ಳದಲ್ಲಿ ಇಳಿದಾಗ ಆರಿ ಮತ್ತೆ ಹತ್ತಿದರೂ ಶಾರ್ಟ್. ವೈರ್ ಸುಟ್ಟು ವಾಸನೆ ಬಂದರೂ ಶಾರ್ಟ್. ಈ ಮೂರೂ ಬೇರೆಬೇರೆ ದೋಷಗಳು. ಮೊದಲನೆಯದರಲ್ಲಿ ಕರೆಂಟಿಗೆ ದಾರಿಯೇ ಇಲ್ಲ, ಎರಡನೆಯದರಲ್ಲಿ ದಾರಿ ಇದ್ದೂ ಇಲ್ಲದಂತೆ, ಮೂರನೆಯದರಲ್ಲಿ ಮಾತ್ರ ಬಲ್ಬನ್ನು ಬಿಟ್ಟು ಅಡ್ಡದಾರಿಯಲ್ಲಿ ಕರೆಂಟು ಹರಿಯುತ್ತಿದೆ. ‘ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ’ ಎಂದು ಪತ್ರಿಕೆಗಳು ಬರೆಯುವುದು ಈ ಕೊನೆಯದನ್ನೇ. ಹುಡುಕುವ ಕ್ರಮ ಒಂದೊಂದಕ್ಕೂ ಬೇರೆ. ಹಾಗಾಗಿ ಮೂರಕ್ಕೂ ಒಂದೇ ಹೆಸರಿಟ್ಟರೆ ಓದುಗ ಕೆಟ್ಟಿರುವ ಜಾಗ ಬಿಟ್ಟು ಚೆನ್ನಾಗಿರುವ ಜಾಗ ಬಿಚ್ಚುತ್ತಾನೆ.

ಚರ್ಚೆಗೆ ಬೇಕಾಗುವಷ್ಟು ಕಾರಿನ ಸಂಗತಿ ಹೇಳಿಬಿಡುತ್ತೇನೆ. ಅಂಬಾಸಿಡರಿನ ಮೂಲ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಅದನ್ನು 2014ರವರೆಗೂ ತಯಾರಿಸಿತು. ಹಳೆಯ ಗಾಡಿಗಳಲ್ಲಿ ವೈರಿನ ಬಣ್ಣಗಳು ಬ್ರಿಟನ್ನಿನ ವಿದ್ಯುತ್ ಬಿಡಿಭಾಗಗಳ ಕಂಪನಿ ಲೂಕಾಸ್‌ನ ಪದ್ಧತಿಯವು. ಬ್ಯಾಟರಿಯಿಂದ ನೇರವಾಗಿ ಬರುವುದು ಕಂದು ವೈರ್. ಸ್ವಿಚ್ಚಿನ ಮೊದಲ ಹಂತಕ್ಕೆ ಪಾರ್ಕಿಂಗ್ ಲೈಟಿನ ಕೆಂಪು ವೈರಿಗೆ ಕರೆಂಟು, ಎರಡನೆಯ ಹಂತಕ್ಕೆ ಹೆಡ್‌ಲೈಟಿನ ನೀಲಿ ವೈರಿಗೆ. ಆ ನೀಲಿ ಹೋಗುವುದು ಕಾಲಿನ ಬಳಿಯ ಡಿಪ್ ಸ್ವಿಚ್ಚಿಗೆ. ಅಲ್ಲಿಂದ ನೀಲಿ ಮೇಲೆ ಬಿಳಿ ಗೆರೆಯದು ಬ್ರೈಟಿಗೆ (ದೂರದ ಬೆಳಕು), ನೀಲಿ ಮೇಲೆ ಕೆಂಪು ಗೆರೆಯದು ಡಿಪ್ಪಿಗೆ (ಕೆಳಕ್ಕೆ ಬೀಳುವ ಬೆಳಕು). ಬಲ್ಬಿನಿಂದ ವಾಪಸ್ ಬರುವ ದಾರಿ ಕರಿ ವೈರ್ ಮತ್ತು ಗಾಡಿಯ ತಗಡು.

ಆ ಕಾಲದ ಬ್ರಿಟಿಷ್ ವೈರಿಂಗಿನಲ್ಲಿ ಹೆಡ್‌ಲೈಟಿನ ದಾರಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಪದದ ಪ್ರಶ್ನೆಗೆ ಇದು ಮುಖ್ಯ. ನೀಲಿ ವೈರಿನ ಸಿಪ್ಪೆ ಸುಲಿದು ತಗಡಿಗೆ ತಗಲಿದರೆ ‘ಫ್ಯೂಸ್ ಹೋಯಿತು’ ಎಂದು ಸುಮ್ಮನಾಗುವ ಹಾಗಿಲ್ಲ, ವೈರೇ ಕಾದು ಹೊಗೆಯಾಡುತ್ತದೆ. ಲೈಟ್ ಹತ್ತುತ್ತಿಲ್ಲ, ವೈರೂ ಬಿಸಿಯಾಗಿಲ್ಲ, ವಾಸನೆಯೂ ಇಲ್ಲ ಎಂದರೆ ಅದು ಶಾರ್ಟ್ ಅಲ್ಲವೇ ಅಲ್ಲ. ಎಲ್ಲೋ ತುಂಡಾಗಿದೆ, ಇಲ್ಲವೇ ಕಾಂಟ್ಯಾಕ್ಟ್ ಕೊಡುತ್ತಿಲ್ಲ. ಇಷ್ಟು ಗೊತ್ತಿದ್ದವನಿಗೆ ಅರ್ಧ ಕೆಲಸ ಉಳಿಯುತ್ತದೆ.

ಶಾಲೆಯ ವಿಜ್ಞಾನ ಪುಸ್ತಕದ ‘ಹ್ರಸ್ವಮಂಡಲ’ (ಶಾರ್ಟ್ ಸರ್ಕ್ಯೂಟ್), ‘ತೆರೆದ ಮಂಡಲ’ (ಓಪನ್ ಸರ್ಕ್ಯೂಟ್, ಅಂದರೆ ದಾರಿ ತುಂಡಾದದ್ದು)ಗಳನ್ನು ಬಳಸಿ ನೋಡಿದೆ. ‘ಹ್ರಸ್ವಮಂಡಲ’ ಪರೀಕ್ಷೆಗೆ ಸರಿ, ಬಾನೆಟ್ಟಿನೊಳಗೆ ತಲೆ ಹಾಕಿದವನಿಗೆ ಅಲ್ಲ. ‘ತೆರೆದ’ ಇನ್ನೂ ತೊಂದರೆಯದು. ನಲ್ಲಿ ತೆರೆದರೆ ನೀರು ಬರುತ್ತದೆ, ತೂಬು ತೆರೆದರೆ ಕಾಲುವೆ ಹರಿಯುತ್ತದೆ. ಕನ್ನಡದ ಕಿವಿಗೆ ತೆರೆಯುವುದೆಂದರೆ ಹರಿಯಲು ಬಿಡುವುದು. ಸ್ವಿಚ್ ‘ತೆರೆದಿದೆ’ ಎಂದು ಬರೆದರೆ ಕರೆಂಟ್ ಹರಿಯುತ್ತಿದೆ ಎಂದೇ ಓದುಗ ತಿಳಿಯುತ್ತಾನೆ. ನಿಜಸ್ಥಿತಿ ತದ್ವಿರುದ್ಧ.

ಸದ್ಯಕ್ಕೆ ನಾನು ಇಟ್ಟುಕೊಂಡಿರುವುದು ‘ತುಂಡಾಗಿದೆ’, ‘ಕಚ್ಚುತ್ತಿಲ್ಲ’, ‘ತಗಲಿದೆ’ ಎಂಬ ಮೂರು ಮಾತು. ಮೊದಲನೆಯದಕ್ಕೂ ಕೊನೆಯದಕ್ಕೂ ಯಾರ ತಕರಾರೂ ಇರಲಾರದು. ಎರಡನೆಯದರ ಬಗ್ಗೆಯೇ ನನಗೆ ಅನುಮಾನ. ‘ಲೂಸ್ ಕಾಂಟ್ಯಾಕ್ಟ್’ ಎಲ್ಲರ ಬಾಯಲ್ಲೂ ಇದೆ, ನಿಜ. ಆದರೆ ಸ್ಕ್ರೂ ಬಿಗಿಯಾಗಿಯೇ ಇದ್ದು, ಸ್ವಿಚ್ಚಿನ ಒಳಗಿನ ಹಿತ್ತಾಳೆ ತುದಿ ಸುಟ್ಟು ಕಪ್ಪು ಕಟ್ಟಿರುವಾಗ ‘ಲೂಸ್’ ಎನ್ನುವುದು ಹೇಗೆ?

ಹಳೆಯ ಗಾಡಿಗಳಲ್ಲಿ ಅತಿ ಹೆಚ್ಚು ಕಾಣುವ ದೋಷವೂ ಇದೇ. ಕಾರಣ ಲೆಕ್ಕದಲ್ಲೇ ಸಿಗುತ್ತದೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸಾಧನ) ಇಲ್ಲದ ಗಾಡಿಯಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಆ ಪುಟ್ಟ ಸ್ವಿಚ್ಚಿನ ಮೂಲಕವೇ ಹಾಯಬೇಕು. 12 ವೋಲ್ಟಿನಲ್ಲಿ 45 ವಾಟಿನ ಎರಡು ಬಲ್ಬಿಗೆ ಏಳೂವರೆ ಆಂಪಿಯರ್. 60 ವಾಟಿನ ಹ್ಯಾಲೋಜನ್ ಹಾಕಿಸಿದರೆ 10. ಬೆಳಕು ಜಾಸ್ತಿ ಬರಲಿ ಎಂದು 100 ವಾಟಿನವನ್ನು ಹಾಕಿಸುವವರಿದ್ದಾರೆ, ಆಗ 16 ದಾಟುತ್ತದೆ. ತುದಿಗಳು ಸುಡದೆ ಇನ್ನೇನಾಗುತ್ತವೆ? ರಿಲೇ ಹಾಕಿಸಿ ಸ್ವಿಚ್ಚಿನ ಹೊರೆ ಇಳಿಸುವುದೇ ಇದಕ್ಕೆ ಸರಿಯಾದ ಉಪಾಯ.

ಈ ದೋಷ ಟೆಸ್ಟ್ ಲ್ಯಾಂಪಿಗೂ (ಕರೆಂಟು ಬರುತ್ತಿದೆಯೇ ಎಂದು ನೋಡಲು ಬಳಸುವ ಸಣ್ಣ ಬಲ್ಬು) ಸಿಗುವುದಿಲ್ಲ. ಲ್ಯಾಂಪಿನ ಕ್ಲಿಪ್ಪನ್ನು ಬಣ್ಣ ಕೆರೆದ ತಗಡಿಗೆ ಸಿಕ್ಕಿಸಿ, ಮೊನೆಯನ್ನು ಕಂದು ವೈರಿನ ತುದಿಗೆ ಮುಟ್ಟಿಸಿದರೆ ಹತ್ತುತ್ತದೆ. ಸ್ವಿಚ್ಚನ್ನು ಎರಡನೆಯ ಹಂತಕ್ಕೆ ತಂದು ನೀಲಿಗೆ ಮುಟ್ಟಿಸಿದರೂ ಹತ್ತುತ್ತದೆ. ಏಕೆಂದರೆ ಆ ಸಣ್ಣ ಬಲ್ಬಿಗೆ ಬೇಕಾದ ಚೂರು ಕರೆಂಟು ಕಪ್ಪು ಕಟ್ಟಿದ ತುದಿಯಲ್ಲೂ ನುಸುಳುತ್ತದೆ. ಹಾಗಾಗಿ ಹೆಡ್‌ಲೈಟ್ ಉರಿಯುತ್ತಿರುವಾಗಲೇ ವೋಲ್ಟ್ ಅಳೆಯುವ ಮೀಟರಿನ ಎರಡು ಕಡ್ಡಿಗಳನ್ನು ಕಂದು ಮತ್ತು ನೀಲಿ ತುದಿಗಳಿಗೆ ಇಟ್ಟು ನೋಡಬೇಕು. ಸೊನ್ನೆಯ ಹತ್ತಿರ ತೋರಿಸಿದರೆ ಸ್ವಿಚ್ ಸರಿ, ಒಂದು ವೋಲ್ಟ್ ತೋರಿಸಿದರೆ ಆ ಒಂದು ವೋಲ್ಟನ್ನು ಸ್ವಿಚ್ಚೇ ತಿನ್ನುತ್ತಿದೆ. ಎರಡು ತುದಿಗಳ ನಡುವಿನ ಈ ವೋಲ್ಟ್ ವ್ಯತ್ಯಾಸಕ್ಕೆ ಪಠ್ಯದಲ್ಲಿರುವ ‘ವಿಭವಾಂತರ’ ಇಲ್ಲಿಗೆ ಒಗ್ಗುವುದಿಲ್ಲ. ‘ವೋಲ್ಟ್ ತಿನ್ನುತ್ತಿದೆ’ ಎಂದೇ ಬರೆದಿದ್ದೇನೆ. ನನಗೆ ಹಿಡಿಸಿದೆ, ನಿಮಗೆ ಹೇಗನ್ನಿಸುತ್ತದೆ?

ಇಲ್ಲೇ ‘ಡಿಮ್’ ಕೂಡ ಕಾಲಿಗೆ ತೊಡರುತ್ತದೆ. ‘ಲೈಟು ಡಿಮ್ ಆಗಿದೆ’ ಅಂದರೆ ಬೆಳಕು ಕೆಳಕ್ಕೆ ಬೀಳುತ್ತಿದೆಯೆಂದೋ, ಬಲ ಕಡಿಮೆಯಾಗಿದೆಯೆಂದೋ? ಎರಡೂ ಅರ್ಥ ಬಳಕೆಯಲ್ಲಿವೆ. ಬಲ್ಬಿಗೆ 12.6ರ ಬದಲು 10.5 ವೋಲ್ಟ್ ಸಿಕ್ಕರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೆ ‘ಮಂಕಾಗಿದೆ’ ಎಂಬ ಒಳ್ಳೆಯ ಪದ ಕನ್ನಡದಲ್ಲಿ ಮೊದಲಿನಿಂದಲೂ ಇದೆ. ಕೆಳಗಿನ ಬೆಳಕಿಗೆ ‘ಡಿಪ್’, ಬಲ ಕುಂದಿದ ಬೆಳಕಿಗೆ ‘ಮಂಕು’ ಎಂದು ಕೈಪಿಡಿಯಲ್ಲಿ ನಿಗದಿ ಮಾಡಿದ್ದೇನೆ. ‘ಡಿಮ್’ ಪೂರ್ತಿ ಬಿಟ್ಟಿದ್ದೇನೆ.

ಮುಂದಿನದು ‘ಅರ್ತ್’, ಅಂದರೆ ಕರೆಂಟು ತಗಡಿನ ಮೂಲಕ ವಾಪಸ್ ಹೋಗುವ ದಾರಿ. ಪಠ್ಯದಲ್ಲಿ ‘ಭೂಸಂಪರ್ಕ’. ಮನೆಯ ವೈರಿಂಗಿಗೆ ಅದು ಸರಿಯಾದ ಮಾತು, ಅಲ್ಲಿ ನಿಜವಾಗಿಯೂ ಗುಂಡಿ ತೋಡಿ ಇದ್ದಿಲು ಉಪ್ಪು ಹಾಕಿ ತಂತಿ ಇಳಿಸುತ್ತೇವೆ. ರಬ್ಬರ್ ಟೈರಿನ ಮೇಲೆ ನಿಂತ ಕಾರಿಗೂ ಭೂಮಿಗೂ ಅಂಥ ಸಂಬಂಧವಿಲ್ಲ. ಮೆಕ್ಯಾನಿಕ್‌ಗಳ ‘ಬಾಡಿ ಸಿಗ್ತಿಲ್ಲ’ ಎಂಬ ಮಾತು ಪಠ್ಯಕ್ಕಿಂತ ನಿಖರ. ಒಂದು ಹೆಡ್‌ಲೈಟಿಗೆ ಬಾಡಿ ಸಿಗದಿದ್ದರೆ ಕರೆಂಟು ಆ ಬಲ್ಬಿನ ಇನ್ನೊಂದು ಫಿಲಮೆಂಟಿನ ಮೂಲಕ ಹಿಂದಕ್ಕೆ ನುಗ್ಗಿ ಬೇರೆ ದಾರಿ ಹುಡುಕುತ್ತದೆ. ಡಿಪ್ಪಿನಲ್ಲಿದ್ದಾಗಲೂ ಡ್ಯಾಶ್‌ಬೋರ್ಡಿನ ಬ್ರೈಟ್ ಸೂಚಕ ದೀಪ ಸಣ್ಣಗೆ ಉರಿಯುವುದು ಇದರಿಂದಲೇ. ಇದನ್ನೂ ‘ಸ್ವಿಚ್ ಶಾರ್ಟ್’ ಎಂದು ಹೇಳಿ ಸ್ವಿಚ್ ಬದಲಾಯಿಸುವವರಿದ್ದಾರೆ. ದುಡ್ಡು ದಂಡ, ದೋಷ ಹಾಗೇ.

‘ಬಾಡಿ’ಯನ್ನೇ ಉಳಿಸಿಕೊಳ್ಳೋಣವೆಂದರೆ ಬರವಣಿಗೆಯಲ್ಲಿ ಒಂದು ತೊಡಕು. ‘ಕರಿ ವೈರನ್ನು ಬಾಡಿಗೆ ಕೊಡಿ’ ಎಂದು ಬರೆದರೆ ಬಾಡಿಗೆಗೆ ಕೊಡುವ ಅರ್ಥ ಮೊದಲು ಬರುತ್ತದೆ. ಮಾತಿನಲ್ಲಿ ಸಂದರ್ಭ ಕಾಯುತ್ತದೆ, ಅಚ್ಚಿನಲ್ಲಿ ಅಷ್ಟು ನೆಚ್ಚುವಂತಿಲ್ಲ. ‘ಗಾಡಿಯ ಮೈಗೆ’ ಎಂದರೆ ಹೇಗೆ? ‘ಮೈಗೆ ಕೊಡಿ’, ‘ಮೈ ಸಿಗುತ್ತಿಲ್ಲ’ ಎಂದು ಓದಿಕೊಂಡೆ. ಮೊದಲನೆಯದು ಸಲೀಸು, ಎರಡನೆಯದು ಕೃತಕ ಅನ್ನಿಸಿತು.

ಬಳಗದಿಂದ ನನಗೆ ಬೇಕಾಗಿರುವುದು ನಿಮ್ಮ ನಿಮ್ಮ ಊರಿನ ಬಳಕೆ. ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲಿ ತುಂಡಾದ ವೈರಿಗೂ ತಗಲಿದ ವೈರಿಗೂ ಬೇರೆ ಮಾತು ಇದೆಯೇ? ಸುಟ್ಟ ಕಾಂಟ್ಯಾಕ್ಟಿಗೆ ‘ಕಚ್ಚುತ್ತಿಲ್ಲ’ ಅನ್ನುತ್ತಾರೋ, ‘ಹಿಡೀತಿಲ್ಲ’ ಅನ್ನುತ್ತಾರೋ? ಮನೆಯಲ್ಲಿ ಆಟೊ ಎಲೆಕ್ಟ್ರಿಷಿಯನ್ ಇರುವವರು ಅವರನ್ನೇ ಕೇಳಿ ಬರೆದರೆ ಹೆಚ್ಚು ಉಪಕಾರ. ಮತ್ತೊಂದು: ‘ಸ್ವಿಚ್ ತೆಗೆದು ನೋಡಿ’ ಎಂಬ ಸಾಲನ್ನು ಆಫ್ ಮಾಡಿ ನೋಡುವುದೆಂದು ಓದುತ್ತೀರೋ, ಡ್ಯಾಶ್‌ಬೋರ್ಡಿನಿಂದ ಬಿಚ್ಚಿ ನೋಡುವುದೆಂದು ಓದುತ್ತೀರೋ? ನಮ್ಮಲ್ಲಿ ‘ಲೈಟ್ ತೆಗಿ’ ಅಂದರೆ ಆರಿಸುವುದು. ನಿಮ್ಮಲ್ಲಿ ಹೇಗೆಂದು ತಿಳಿದರೆ ಆ ಸಾಲನ್ನು ಬದಲಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತೇನೆ.