ಸಹಾಯ ಬೇಕು: ಕೆರೆ ಗಡಿಯ ಟ್ರಾವರ್ಸ್ ಜಾಲದ ಹೊಂದಾಣಿಕೆ

ಸರ್ವೆ ಕೆಲಸದಲ್ಲಿ ಅನುಭವವುಳ್ಳ ಹಿರಿಯರಲ್ಲಿ ವಿನಂತಿ.

ನಮ್ಮೂರ ಕೆರೆಯ ಗಡಿ ಗುರುತಿಸಲು, ಏರಿಯ ಉದ್ದಕ್ಕೂ ಸಾಗಿ ಎದುರು ದಡದಿಂದ ಮರಳುವ ಮುಚ್ಚಿದ ಟ್ರಾವರ್ಸನ್ನು (ಬಿಂದುವಿನಿಂದ ಬಿಂದುವಿಗೆ ಕೋನ, ದೂರ ಅಳೆಯುತ್ತಾ ಸಾಗುವ ರೇಖೆಗಳ ಸರಣಿ) ಕೋನದಲ್ಲಿ 5 ಸೆಕೆಂಡ್ (1 ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ) ನಿಖರತೆಯ, ಕೋನ-ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್‌ನಿಂದ ಅಳೆದಿದ್ದೇವೆ. ಎರಡು ತುದಿಗಳಲ್ಲಿ ಉಪಗ್ರಹ ಸಂಕೇತಗಳಿಂದ ಸ್ಥಾನ ಗೊತ್ತುಮಾಡಿದ ಜಿಎನ್‌ಎಸ್‌ಎಸ್ ನಿಯಂತ್ರಣ ಬಿಂದುಗಳಿವೆ. ಆದರೆ ಒಂದು ಬಿಂದುವನ್ನೂ ಒಂದು ದಿಕ್ಕನ್ನೂ ಮಾತ್ರ ಸ್ಥಿರವಾಗಿಟ್ಟು ಲೀಸ್ಟ್ ಸ್ಕ್ವೇರ್ಸ್ ಹೊಂದಾಣಿಕೆ (ತಿದ್ದುಪಡಿಗಳ ತೂಕಸಹಿತ ವರ್ಗಗಳ ಮೊತ್ತ ಕನಿಷ್ಠವಾಗುವಂತೆ ಅಳತೆಗಳನ್ನು ಸರಿಹೊಂದಿಸುವುದು) ಮಾಡಿದಾಗಲೂ ವೇರಿಯನ್ಸ್ ಫ್ಯಾಕ್ಟರ್ (ಕಂಡ ದೋಷವು ನಿರೀಕ್ಷಿತ ದೋಷಕ್ಕೆ ಹೊಂದಿದರೆ 1ರ ಆಸುಪಾಸಿನಲ್ಲಿರುವ ಸಂಖ್ಯೆ) 1ಕ್ಕಿಂತ ಬಹಳ ಹೆಚ್ಚು ಬರುತ್ತಿರುವುದರಿಂದ, ತೊಂದರೆ ಇರುವುದು ನಿಯಂತ್ರಣ ಬಿಂದುಗಳಲ್ಲಲ್ಲ, ನಮ್ಮ ಅಳತೆಗಳಲ್ಲಿ ಅಥವಾ ಅವುಗಳಿಗೆ ಕೊಟ್ಟ ತೂಕಗಳಲ್ಲಿ (ಪ್ರತಿ ಅಳತೆಯನ್ನು ಎಷ್ಟು ನಂಬಬೇಕೆಂಬ ಸಂಖ್ಯೆಗಳಲ್ಲಿ) ಎಂದು ತೋರುತ್ತದೆ.

ದೊಡ್ಡ ಉಳಿಕೆಗಳೆಲ್ಲ (ಅಳೆದ ಮತ್ತು ಹೊಂದಾಣಿಕೆಯಾದ ಮೌಲ್ಯಗಳ ವ್ಯತ್ಯಾಸಗಳು) 50 ಮೀಟರ್ ಆಸುಪಾಸಿನ ಗಿಡ್ಡ ರೇಖೆಗಳ ಕೋನಗಳಲ್ಲಿವೆ. ಅಷ್ಟು ದೂರದಲ್ಲಿ ಪ್ರಿಸಂ (ಗುರಿಬಿಂದುವಿನ ಮೇಲೆ ಇಡುವ ಪ್ರತಿಫಲಕ) 2 ಮಿಲಿಮೀಟರ್ ಅಡ್ಡಕ್ಕೆ ಸರಿದರೂ ದಿಕ್ಕು ಸುಮಾರು 8 ಸೆಕೆಂಡ್ ತಪ್ಪುತ್ತದೆ. ಉಪಕರಣದ ನಿಖರತೆಯನ್ನಷ್ಟೇ ನಂಬಿ ಕೊಟ್ಟ ತೂಕದಲ್ಲಿ ಇದು ಸೇರಿಲ್ಲ. ಹಾಗಾದರೆ ಪ್ರತಿ ರೇಖೆಯ ಉದ್ದಕ್ಕೆ ತಕ್ಕಂತೆ ಕೇಂದ್ರೀಕರಣ ದೋಷವನ್ನು (ಉಪಕರಣ ಅಥವಾ ಪ್ರಿಸಂ ಬಿಂದುವಿನ ನೇರಕ್ಕೆ ಕೂರದಿರುವುದನ್ನು) ಸೇರಿಸಿ ತೂಕಗಳನ್ನು ಮರುಲೆಕ್ಕ ಹಾಕಬೇಕೇ, ಅಥವಾ ಎಲ್ಲ ತೂಕಗಳನ್ನೂ ಒಂದೇ ಗುಣಕದಿಂದ ತಗ್ಗಿಸಿದರೆ ಸಾಕೇ? ಎರಡನೆಯ ದಾರಿ ಒಂದು ನಿಜವಾದ ತಪ್ಪು ಅಳತೆಯನ್ನು ಮುಚ್ಚಿಬಿಡಬಹುದೆಂಬುದು ನನ್ನ ಆತಂಕ.

ಜಾಲವು ಉದ್ದವಾಗಿ, ಕಿರಿದಾಗಿರುವುದರಿಂದ ನೀರಿನಾಚೆಗೆ ಅಡ್ಡ ನೋಟಗಳನ್ನು ಎಲ್ಲೆಲ್ಲಿ ಸೇರಿಸಿದರೆ ನಡುಬಿಂದುಗಳು ಗಟ್ಟಿಯಾಗುತ್ತವೆ ಎಂಬುದನ್ನೂ ದಯವಿಟ್ಟು ತಿಳಿಸಿ. ಅಂಚಿನಲ್ಲಿ ರೈತರ ಜಮೀನುಗಳಿರುವುದರಿಂದ, ಗಡಿಕಲ್ಲು ನೆಡುವ ಮೊದಲೇ ಇದು ಇತ್ಯರ್ಥವಾಗಬೇಕಿದೆ.