ವಿಆರ್ ಹಾಕಿಕೊಂಡು ಧ್ಯಾನ ಮಾಡಬಹುದಾ? ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರು): ನಮಸ್ಕಾರ ಮೇಡಂ. ನನಗೆ 52 ವರ್ಷ, ಬ್ಯಾಂಕಿನಲ್ಲಿ ಕೆಲಸ. ಮಗ ಅಮೆರಿಕದಿಂದ ಬರುವಾಗ ಕ್ವೆಸ್ಟ್ 2 ಅನ್ನೋ ವಿಆರ್ (ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಬೇರೆ ಲೋಕವೇ ಕಾಣುವ) ಹೆಡ್‌ಸೆಟ್ ತಂದಿದ್ದಾನೆ. "ಅಮ್ಮಾ, ನಿನ್ನ ಟೆನ್ಷನ್‌ಗೆ ಇದರಲ್ಲಿ ಮೆಡಿಟೇಶನ್ ಮಾಡು" ಅಂತಾನೆ. ಸುಮ್ನೆ ಕಣ್ಣು ಮುಚ್ಚಿ ಕೂತರೆ ನನಗೆ ನೂರೆಂಟು ಯೋಚನೆ ಬರುತ್ತವೆ. ಇದನ್ನು ಹಾಕಿಕೊಂಡರೆ ಸಮುದ್ರದ ದಡ ಕಾಣುತ್ತದೆ, ಮನಸ್ಸು ಹಗುರಾಗುತ್ತದೆ. ಆದರೆ ನಮ್ಮ ಯೋಗ ಟೀಚರ್, "ಕಣ್ಣು ಬಿಟ್ಟುಕೊಂಡು ಸಿನಿಮಾ ನೋಡಿದರೆ ಅದು ಧ್ಯಾನ ಹೇಗಾಗುತ್ತೆ?" ಅಂದರು. ಯಾರ ಮಾತು ಕೇಳಲಿ?

ಉತ್ತರ: ನಮಸ್ಕಾರ. ಕಣ್ಣು ಬಿಟ್ಟು ಮಾಡುವ ಧ್ಯಾನ ನಮಗೇನು ಹೊಸದಲ್ಲ. ದೀಪದ ಕುಡಿ ನೋಡುತ್ತಾ ಮಾಡುವ ತ್ರಾಟಕ ನಿಮ್ಮ ಟೀಚರಿಗೂ ಗೊತ್ತಿರುತ್ತದೆ. ಹಾಗಾಗಿ ಕಣ್ಣಿನ ವಿಷಯ ಬಿಡಿ. ಗಮನ ಎಲ್ಲಿಗೆ ಹೋಗುತ್ತದೆ ಅನ್ನೋದು ಮುಖ್ಯ.

ವಿಆರ್‌ನ ಶಕ್ತಿ ಏನು ಅಂತ ನೋಡಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. 1996ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಸುಟ್ಟಗಾಯದ ರೋಗಿಗಳಿಗೆ ವಿಆರ್ ಕೊಟ್ಟು ನೋಡೋಕೆ ಶುರುಮಾಡಿದರು. ಸುಟ್ಟಗಾಯ ತೊಳೆದು ಡ್ರೆಸ್ಸಿಂಗ್ ಬದಲಿಸುವಾಗಿನ ನೋವು ಭಯಂಕರ. ಅವರು ಮಾಡಿಸಿದ 'ಸ್ನೋವರ್ಲ್ಡ್'ನಲ್ಲಿ ರೋಗಿ ಹಿಮದ ಕಣಿವೆಯೊಳಗೆ ತೇಲುತ್ತಾ ಹೋಗುತ್ತಾನೆ, ಹಿಮದ ಬೊಂಬೆಗಳ ಮೇಲೂ ಪೆಂಗ್ವಿನ್‌ಗಳ ಮೇಲೂ ಹಿಮದ ಉಂಡೆ ಎಸೆಯುತ್ತಾನೆ. ಅಷ್ಟು ಹೊತ್ತು ನೋವು ಕಡಿಮೆ ಅನ್ನಿಸಿತು ಅಂತ ರೋಗಿಗಳು ಹೇಳಿದರು. ನೋವು ಗೊತ್ತಾಗಬೇಕಾದರೂ ಗಮನ ಬೇಕು. ಆ ಗಮನವನ್ನೆಲ್ಲ ಹಿಮ ಎಳೆದುಕೊಂಡಿತ್ತು.

ಅಂದರೆ ವಿಆರ್ ನಮ್ಮ ಗಮನವನ್ನು ದೇಹದಿಂದ ಹೊರಗೆ ಎಳೆಯುವುದರಲ್ಲಿ ಎತ್ತಿದ ಕೈ. ಧ್ಯಾನದ ಕೆಲಸ ಇದಕ್ಕೆ ಉಲ್ಟಾ: ಉಸಿರಿಗೆ, ಮೈಗೆ ವಾಪಸ್ ಬರುವುದು. ನೀವು ಸಮುದ್ರ ನೋಡುತ್ತಾ ಕೂರುವುದು ವಿಶ್ರಾಂತಿ. ಅದೂ ಬೇಕು, ಅದರಲ್ಲಿ ತಪ್ಪೇನಿಲ್ಲ. ಬ್ಯಾಂಕಿನ ಮಾರ್ಚ್ ತಿಂಗಳಿಗಂತೂ ಬೇಕೇ ಬೇಕು. ಆದರೆ ಅದು ಧ್ಯಾನ ಅಲ್ಲ. ಇಷ್ಟರ ಮಟ್ಟಿಗೆ ನಿಮ್ಮ ಟೀಚರ್ ಹೇಳಿದ್ದು ಸರಿ.

ಧ್ಯಾನಕ್ಕೆ ಹತ್ತಿರ ಬರುವ ಆ್ಯಪ್‌ಗಳೂ ಇವೆ. ಕೆಲವದರಲ್ಲಿ ಬೆಳಕಿನ ಕಣಗಳು ನಿಮ್ಮ ಕಡೆ ಬಂದು ಹಿಂದೆ ಹೋಗುತ್ತವೆ, ಆ ಲಯಕ್ಕೆ ನೀವು ಉಸಿರಾಡಬೇಕು. 'ಡೀಪ್' ಎಂಬ ಒಂದರಲ್ಲಿ ಹೊಟ್ಟೆಗೆ ಬೆಲ್ಟ್ ಕಟ್ಟುತ್ತಾರೆ. ಹೊಟ್ಟೆ ತುಂಬ ಉಸಿರು ಎಳೆದುಕೊಂಡರೆ ನೀರಿನೊಳಗೆ ಮೇಲಕ್ಕೆ ಏಳುತ್ತೀರಿ, ಬಿಟ್ಟರೆ ಕೆಳಗಿಳಿಯುತ್ತೀರಿ. ಇಲ್ಲಿ ದೃಶ್ಯವೇ ನಿಮ್ಮನ್ನು ಉಸಿರಿಗೆ ಕಟ್ಟಿಹಾಕುತ್ತದೆ.

ಸಾಮಾನ್ಯವಾಗಿ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅದನ್ನು 6ರ ಹತ್ತಿರ ಇಳಿಸಿದರೆ, ಉಸಿರು ಎಳೆಯುವಾಗ ಹೃದಯದ ಬಡಿತ ಏರುವುದು, ಬಿಡುವಾಗ ಇಳಿಯುವುದು ಚೆನ್ನಾಗಿ ಎದ್ದು ಕಾಣುತ್ತದೆ. ಮೈ ಸಡಿಲ ಆಗುತ್ತದೆ. ಹಾಗಾಗಿ ಹೀಗೆ ಮಾಡಿ: ಉಸಿರಿನ ಆ್ಯಪ್ ಹಾಕಿ ಹತ್ತು ನಿಮಿಷ ಕೂರಿ. ಆಮೇಲೆ ಹೆಡ್‌ಸೆಟ್ ತೆಗೆದಿಟ್ಟು, ಕಣ್ಣು ಮುಚ್ಚಿ, ಅದೇ ಲಯದಲ್ಲಿ ಐದು ನಿಮಿಷ ಮುಂದುವರಿಸಿ. ದಿನ ಕಳೆದಂತೆ ಹೆಡ್‌ಸೆಟ್ ಹೊತ್ತು ಕಡಿಮೆ ಮಾಡಿ, ಕಣ್ಣು ಮುಚ್ಚಿದ ಹೊತ್ತು ಜಾಸ್ತಿ ಮಾಡಿ. ಸೈಕಲ್ ಕಲಿಯುವ ಮಗುವಿಗೆ ಪಕ್ಕದಲ್ಲಿ ಎರಡು ಚಿಕ್ಕ ಚಕ್ರ ಹಾಕಿಕೊಡುತ್ತೇವಲ್ಲ, ಹೆಡ್‌ಸೆಟ್ಟನ್ನು ಹಾಗೆ ಬಳಸಿ ಅಂತ ನನ್ನ ಸಲಹೆ.

ಅದೇ ಸದಸ್ಯೆ: ತುಂಬಾ ಥ್ಯಾಂಕ್ಸ್ ಮೇಡಂ. ಒಂದು ಕೇಳೋದು ಮರೆತೆ. ಕಾಲು ಗಂಟೆ ಆದ ಮೇಲೆ ತಲೆ ಸುತ್ತಿದ ಹಾಗೆ ಆಗುತ್ತದೆ. ಅಭ್ಯಾಸ ಆಗುತ್ತಾ?

ಉತ್ತರ: ಹಲ್ಲು ಕಚ್ಚಿಕೊಂಡು ಕೂರಬೇಡಿ. "ನಡೀತಿದೀನಿ" ಅಂತ ಕಣ್ಣು ಹೇಳುತ್ತದೆ, "ಕೂತಿದೀನಿ" ಅಂತ ಒಳಗಿವಿ ಹೇಳುತ್ತದೆ. ಎರಡಕ್ಕೂ ತಾಳೆ ಆಗದೆ ಹೊಟ್ಟೆ ತೊಳಸುತ್ತದೆ. ಘಾಟಿಯಲ್ಲಿ ಬಸ್ಸಿನೊಳಗೆ ಓದುತ್ತಾ ಕೂತರೆ ಆಗುವುದೂ ಇದೇ ಜಗಳದಿಂದ. ನೀವು ಒಂದೇ ಜಾಗದಲ್ಲಿ ಕೂತಿರುವ ದೃಶ್ಯ ಆರಿಸಿಕೊಳ್ಳಿ. ಕೈಯಲ್ಲಿರುವ ಕಂಟ್ರೋಲರ್‌ನಿಂದ ನಡೆದಾಡುವುದು ಬೇಡ.

ಇನ್ನೊಂದು, ಕ್ವೆಸ್ಟ್ 2ರಲ್ಲಿ ಎರಡು ಲೆನ್ಸ್‌ಗಳ ನಡುವಿನ ಅಂತರಕ್ಕೆ 58, 63, 68 ಮಿಲಿಮೀಟರ್ ಎಂದು ಮೂರು ಜಾಗ ಇವೆ. ಲೆನ್ಸನ್ನೇ ಕೈಯಿಂದ ಆಚೀಚೆ ಸರಿಸಬೇಕು. ಮಗ ತನ್ನ ಕಣ್ಣಿಗೆ ಹೊಂದಿಸಿಟ್ಟಿದ್ದನ್ನೇ ನೀವು ಹಾಕಿಕೊಳ್ಳುತ್ತಿರಬಹುದು, ನೋಡಿ. ತೂಕವೂ ಅರ್ಧ ಕೆಜಿ ಇದೆ, ಹಾಗಾಗಿ ಕತ್ತಿಗೆ ಒರಗು ಇರುವ ಕುರ್ಚಿ ಬೇಕು. ತಲೆ ಸುತ್ತು ಶುರುವಾದ ತಕ್ಷಣ ತೆಗೆದುಬಿಡಿ. ಪೂರ್ತಿ ಸರಿಹೋಗುವ ತನಕ ಸ್ಕೂಟರ್ ಹತ್ತಬೇಡಿ.

ಪ್ರಶ್ನೆ (ದಾವಣಗೆರೆ): ಅಪ್ಪನಿಗೆ ವರ್ಷಗಳಿಂದ ಸೊಂಟನೋವು. ವಿಆರ್‌ನಿಂದ ನೋವು ಕಡಿಮೆ ಮಾಡುವ ಚಿಕಿತ್ಸೆ ಬಂದಿದೆ ಅಂತ ಯಾರೋ ಹೇಳಿದರು. ನಿಜಾನಾ, ಗಾಳಿಸುದ್ದೀನಾ?

ಉತ್ತರ: ನಿಜ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ನವೆಂಬರಿನಲ್ಲಿ 'ಈಸ್‌ವಿಆರ್‌ಎಕ್ಸ್' ಎಂಬ ವಿಆರ್ ಚಿಕಿತ್ಸೆಗೆ ಅನುಮತಿ ಕೊಟ್ಟಿತು, ದೀರ್ಘಕಾಲದ ಸೊಂಟನೋವಿಗೆ ಅಂತಲೇ. 8 ವಾರ, 56 ಪಾಠ, ಒಂದೊಂದು 2ರಿಂದ 16 ನಿಮಿಷ. ಡಾಕ್ಟರ್ ಚೀಟಿ ಬೇಕು.

ಅದರ ಪರೀಕ್ಷೆ ನನಗೆ ಯಾಕೆ ಇಷ್ಟ ಅಂದರೆ, 179 ಜನರಲ್ಲಿ ಎರಡೂ ಗುಂಪಿಗೆ ಹೆಡ್‌ಸೆಟ್ ಕೊಟ್ಟಿದ್ದರು. ಒಂದು ಗುಂಪಿಗೆ ಉಸಿರು, ಗಮನ, ನೋವಿನ ಬಗ್ಗೆ ಯೋಚಿಸುವ ರೀತಿ ಇವುಗಳ ಪಾಠ. ಇನ್ನೊಂದಕ್ಕೆ ಬರೀ ಪ್ರಕೃತಿಯ ಸಾದಾ ವಿಡಿಯೊ. ನೋವು ಶೇ 30ಕ್ಕಿಂತ ಹೆಚ್ಚು ಇಳಿಯಿತು ಅಂದವರು ಮೊದಲ ಗುಂಪಿನಲ್ಲಿ ಶೇ 66, ಎರಡನೆಯದರಲ್ಲಿ ಶೇ 41. ಅಂದರೆ ಸುಂದರ ದೃಶ್ಯ ನೋಡಿದವರಿಗೂ ಉಪಯೋಗ ಆಯಿತು, ಕಲಿತವರಿಗೆ ಇನ್ನೂ ಜಾಸ್ತಿ ಆಯಿತು. ಮೇಲಿನ ಪ್ರಶ್ನೆಗೂ ಇದೇ ಉತ್ತರ ನೋಡಿ. ಆದರೆ ಸ್ಟೋರಿನಲ್ಲಿ ಸಿಗುವ ರಿಲ್ಯಾಕ್ಸ್ ಆ್ಯಪ್‌ಗಳು ಇದಲ್ಲ. ಅಪ್ಪನ ಫಿಸಿಯೋಥೆರಪಿ ನಿಲ್ಲಿಸಬೇಡಿ.

ಕಾಮೆಂಟ್ (ಬೆಂಗಳೂರು): ಇಷ್ಟೆಲ್ಲ ದುಡ್ಡು ಸುರಿಯೋ ಬದಲು ಕಬ್ಬನ್ ಪಾರ್ಕಿನಲ್ಲಿ ಒಂದು ಸುತ್ತು ಹಾಕಬಹುದಲ್ವಾ?

ಉತ್ತರ: ಹೋಗೋಕೆ ಆಗುವವರು ದಯವಿಟ್ಟು ಹೋಗಿ, ಅದೇ ಮೇಲು. ಮಂಡಿ ಆಪರೇಷನ್ ಆಗಿ ಮಂಚ ಬಿಟ್ಟು ಏಳಲಾಗದವರಿಗೆ, ಡಯಾಲಿಸಿಸ್‌ಗೆ ಗಂಟೆಗಟ್ಟಲೆ ಮಲಗುವವರಿಗೆ ಪಾರ್ಕು ಎಲ್ಲಿಂದ ಬರಬೇಕು ಹೇಳಿ. ಧ್ಯಾನಕ್ಕೆ ಅಂತಲೇ ಹೊಸದಾಗಿ ಹೆಡ್‌ಸೆಟ್ ಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮನೆಯಲ್ಲಿ ಇದ್ದರೆ ಬಳಸಿ.

ಪ್ರಶ್ನೆ (ಹೆಸರು ಬೇಡ): ನನಗೆ ಪ್ಯಾನಿಕ್ ಅಟ್ಯಾಕ್ ಬರುತ್ತದೆ. ಚಿಕ್ಕವನಿದ್ದಾಗ ಎರಡು ಸಲ ಫಿಟ್ಸ್ ಬಂದಿತ್ತು. ಈಗ ಮಾತ್ರೆ ಇಲ್ಲ. ವಿಆರ್ ಪ್ರಯತ್ನಿಸಲಾ?

ಉತ್ತರ: ನರರೋಗ ತಜ್ಞರನ್ನು ಕೇಳದೆ ಬೇಡ. ಮಿನುಗುವ ಬೆಳಕು ಕೆಲವರಲ್ಲಿ ಫಿಟ್ಸ್ ತರಿಸಬಹುದು, ಹೆಡ್‌ಸೆಟ್ ಕಂಪನಿಗಳೇ ಈ ಎಚ್ಚರಿಕೆ ಕೊಡುತ್ತವೆ. ಪ್ಯಾನಿಕ್ ಇರುವ ಕೆಲವರಿಗೆ ಕಣ್ಣು ಪೂರ್ತಿ ಮುಚ್ಚಿಹೋಗಿ, ಕೋಣೆಯಲ್ಲಿ ಯಾರಿದ್ದಾರೆ ಅಂತ ಕಾಣದಿದ್ದರೇ ಎದೆ ಹೊಡೆದುಕೊಳ್ಳುತ್ತದೆ. "ಎಲ್ಲ ಕನಸಿನ ಹಾಗೆ ಇದೆ, ಈ ಕೈ ನಂದಲ್ಲ" ಅನ್ನಿಸುವ ತೊಂದರೆ ಇರುವವರು, ಇಲ್ಲದ ದನಿ ಕೇಳಿಸುವವರು ಇದರಿಂದ ದೂರ ಇರಬೇಕು. ನಿಮ್ಮ ಪ್ಯಾನಿಕ್‌ಗೆ ಒಳ್ಳೆಯ ಚಿಕಿತ್ಸೆ ಇದೆ. ಯಾರ ಹತ್ತಿರ ಹೋಗಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ.

ಪ್ರಶ್ನೆ (ಹುಬ್ಬಳ್ಳಿ): ಫೋನ್ ಒಳಗಿಡೋ ಅಗ್ಗದ ವಿಆರ್ ಡಬ್ಬಿ ನಡೆಯುತ್ತದೇನ್ರಿ?

ಉತ್ತರ: ಬೇಡ ಬಿಡ್ರಿ. ಅದು ತಲೆ ತಿರುಗಿಸಿದ್ದನ್ನಷ್ಟೇ ಹಿಡಿಯುತ್ತದೆ. ಮುಂದಕ್ಕೆ ಬಾಗಿದರೆ ದೃಶ್ಯವೂ ನಿಮ್ಮ ಜೊತೆಗೇ ಬರುತ್ತದೆ, ತಲೆ ಸುತ್ತುತ್ತದೆ. ಅದರ ಬದಲು ಇಯರ್‌ಫೋನ್‌ನಲ್ಲಿ ಯೋಗನಿದ್ರೆಯ ಆಡಿಯೊ ಕೇಳಿ.

ಪ್ರಶ್ನೆ (ಮಂಗಳೂರು): ರಾತ್ರಿ ನಿದ್ದೆ ಬರೋಕೆ ಮಲಗಿಕೊಂಡೇ ಹಾಕಿಕೊಳ್ಳಬಹುದಾ?

ಉತ್ತರ: ಕಣ್ಣಿನ ಮುಂದೆಯೇ ಬೆಳಗುವ ಪರದೆ ಅದು. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಮುಗಿಸಿ, ಹಾಸಿಗೆಗೆ ಉಸಿರಿನ ಲಯ ಮಾತ್ರ ತೆಗೆದುಕೊಂಡು ಹೋಗಿ. ಹಾಕಿಕೊಂಡೇ ನಿದ್ದೆ ಹೋದರೆ ಮುಖಕ್ಕೆ, ಕತ್ತಿಗೆ ಒತ್ತುತ್ತದೆ. ಮತ್ತೆ, ತೆಗೆದ ಮೇಲೆ ಕಿಟಕಿ ಪಕ್ಕ ಇಡಬೇಡಿ. ಬೆಳಗಿನ ಬಿಸಿಲು ಲೆನ್ಸಿಗೆ ನೇರ ಬಿದ್ದರೆ ಒಳಗಿನ ಪರದೆ ಸುಟ್ಟುಹೋಗುತ್ತದೆ.